ಎಲ್ಲಕ್ಕಿಂತ ಚಿಕ್ಕ ಕಾಡುಬೆಕ್ಕು



ಹುಲಿ, ಸಿಂಹ, ಚಿರತೆ ಇವೆಲ್ಲ ಬೆಕ್ಕಿನ ಕುಟುಂಬದವು ಅಂತ ಪಾಠದಲ್ಲಿ ಓದಿದ್ದೇವೆ. ಅದೇ ಕುಟುಂಬದ ಅತಿ ಚಿಕ್ಕ ಪ್ರಾಣಿಗಳಲ್ಲೊಂದು ನಮ್ಮ ಕರ್ನಾಟಕದಲ್ಲೇ ಇದೆ ಅಂದ್ರೆ ನಂಬ್ತೀರಾ? ಅದೇ ತುಕ್ಕುಚುಕ್ಕೆ ಬೆಕ್ಕು. ಇಂಗ್ಲಿಷಿನಲ್ಲಿ ರಸ್ಟಿ ಸ್ಪಾಟೆಡ್ ಕ್ಯಾಟ್ ಎನ್ನುತ್ತಾರೆ. ಇದಕ್ಕೆ ಪೈಪೋಟಿ ಕೊಡುವುದು ಆಫ್ರಿಕಾದ ಕರಿಪಾದದ ಬೆಕ್ಕು ಮಾತ್ರ.

ತೂಕ ಸುಮಾರು 1ರಿಂದ 1½ ಕಿಲೋ. ನಮ್ಮ ಮನೆ ಬೆಕ್ಕಿನ ಅರ್ಧದಷ್ಟೂ ಇಲ್ಲ ಅನ್ನಬಹುದು! ಬೂದು ಬಣ್ಣದ ಮೈ, ಅದರ ಮೇಲೆ ಹಳೇ ಕುಡುಗೋಲಿಗೆ ಹಿಡಿದ ತುಕ್ಕಿನಂಥ ಚುಕ್ಕೆಗಳು ಸಾಲುಸಾಲಾಗಿ ಇರುತ್ತವೆ. ಹಣೆಯಿಂದ ಕತ್ತಿನ ಕಡೆಗೆ ಗೆರೆಗಳು. ಚಿರತೆ ಬೆಕ್ಕಿನ ಬಾಲದ ಮೇಲೂ ಚುಕ್ಕೆಗಳಿವೆ, ಇದರ ಬಾಲ ಹೆಚ್ಚುಕಡಿಮೆ ಬೋಳು. ಗುರುತು ಹಿಡಿಯೋಕೆ ಇದೇ ಸುಲಭ.

1831ರಲ್ಲಿ ಫ್ರಾನ್ಸಿನ ಜೆಫ್ರಾಯ್ ಸೇಂಟ್ ಹಿಲೇರ್ ಎಂಬ ವಿಜ್ಞಾನಿ ಪಾಂಡಿಚೇರಿಯಿಂದ ಬಂದ ಮಾದರಿಯನ್ನು ನೋಡಿ ಇದನ್ನು ವರ್ಣಿಸಿದರು. ಭಾರತ, ಶ್ರೀಲಂಕಾಗಳಲ್ಲಿ ಮಾತ್ರ ಇದೆ ಎಂದು ಬಹಳ ಕಾಲ ತಿಳಿದಿದ್ದರು. 2012ರಲ್ಲಿ ನೇಪಾಳದಲ್ಲೂ ಸಿಕ್ಕಿತು.

ಹಗಲೆಲ್ಲ ಮರದ ಪೊಟರೆಯಲ್ಲೋ ಪೊದೆಯಲ್ಲೋ ಮಲಗಿ, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಇಲಿ, ಹಲ್ಲಿ, ಕಪ್ಪೆ, ಸಣ್ಣ ಹಕ್ಕಿ, ಹುಳುಹುಪ್ಪಟೆ ಇದರ ಊಟ. ಕೋಳಿಗೂ ಬಾಯಿ ಹಾಕುವುದುಂಟು. ಅದಕ್ಕೇ ಜನ ಹೊಡೆಯುತ್ತಾರೆ. ಆದರೆ ಹೊಲದ ಇಲಿಗಳನ್ನು ತಿನ್ನುವ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮರ ಹತ್ತುವುದರಲ್ಲಂತೂ ಜಾಣ. ಹೆಣ್ಣು ಬೆಕ್ಕು ಎರಡು ತಿಂಗಳು ಮೀರಿ ಗರ್ಭ ಹೊತ್ತು, ಒಂದರಿಂದ ಮೂರು ಮರಿ ಹಾಕುತ್ತದೆ. ಕಾಡೇ ಬೇಕು ಅಂತಿಲ್ಲ, ಜನ ಬಿಟ್ಟ ಹಳೇ ಮನೆಯ ಅಟ್ಟದಲ್ಲೂ ಮರಿ ಹಾಕಿದ್ದುಂಟು.

ತೊಂದರೆ ಬರುವುದು ಕಬ್ಬು ಕಡಿಯುವಾಗ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಇಂಥ ಮರಿಗಳು ಎಷ್ಟೋ ಸಲ ಸಿಕ್ಕಿವೆ. ಚುಕ್ಕೆ ನೋಡಿ ಚಿರತೆ ಮರಿ ಅಂತ ಗಾಬರಿಯಾಗುವವರೂ ಇದ್ದಾರೆ, ಮುದ್ದಾಗಿದೆ ಅಂತ ಮನೆಗೆ ಒಯ್ಯುವವರೂ ಇದ್ದಾರೆ. ಒಯ್ದರೆ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ತಾಯಿ ಬಿಟ್ಟು ಹೋಗಿದೆ ಅಂತ ತಿಳಿಯಬಾರದು. ಅದು ಜನರಿಗೆ ಹೆದರಿ ಹತ್ತಿರದಲ್ಲೇ ಅಡಗಿರುತ್ತದೆ. ಅಲ್ಲಿ ಅರಣ್ಯ ಇಲಾಖೆಯವರು, ಪಶುವೈದ್ಯರು ಏನು ಮಾಡುತ್ತಾರೆ ಗೊತ್ತೇ? ಮರಿಗಳನ್ನು ಪರೀಕ್ಷಿಸಿ, ಸಂಜೆ ಒಂದು ಪೆಟ್ಟಿಗೆಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ಇಟ್ಟು ದೂರ ಸರಿಯುತ್ತಾರೆ. ಸದ್ದಡಗಿದ ಮೇಲೆ ತಾಯಿ ಬಂದು, ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ.