ವಿಂಡೋಸ್ ಇನ್‌ಸ್ಟಾಲೇಶನ್ ಅರ್ಧಕ್ಕೆ ನಿಂತರೆ ಏನು ಮಾಡಬೇಕು?

ನಮ್ಮ ಬಹುತೇಕ ಹೋಟೆಲುಗಳ ಗಲ್ಲಾದಲ್ಲಿ ಇಂದು ಬಿಲ್ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಲವರು ವಿಂಡೋಸ್ 11 ಹಾಕಿಸುತ್ತಿದ್ದಾರೆ. ಈ ಕೆಲಸ ನಡುವೆ ನಿಂತುಹೋದಾಗ ಗಾಬರಿಯಿಂದ ‘ಫಾರ್ಮ್ಯಾಟ್ ಮಾಡಿಬಿಡಿ’ ಎನ್ನುವುದುಂಟು. ಅಪಾಯವಿರುವುದು ಅಲ್ಲಿಯೇ. ವಿಂಡೋಸನ್ನು ಮತ್ತೊಮ್ಮೆ ಹಾಕಬಹುದು. ಅಳಿಸಿಹೋದ ಬಿಲ್ಲಿಂಗ್ ಡೇಟಾ ಮರಳಿ ಸಿಗುವ ಖಾತ್ರಿಯಿಲ್ಲ. ಜಿಎಸ್‌ಟಿ ಕಾಯ್ದೆಯಂತೆ ಒಂದು ವರ್ಷದ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು.

ಆರಂಭಿಸುವ ಮೊದಲು

ಬಿಲ್ಲಿಂಗ್ ಮತ್ತು ಲೆಕ್ಕದ ಡೇಟಾವನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಹಾಗೂ ಟಿಪಿಎಂ 2.0 ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯದ್ದು ಅಥವಾ ಅದರ ನಂತರದ್ದಾಗಿರಬೇಕು.

ತೊಂದರೆ ಮತ್ತು ಪರಿಹಾರ

1. ‘ಈ ಪಿಸಿ ವಿಂಡೋಸ್ 11ಕ್ಕೆ ತಕ್ಕುದಲ್ಲ’ ಎಂದರೆ: ಟಿಪಿಎಂ ಬಂದ್ ಆಗಿರಬಹುದು. ಬಯೋಸ್‌ನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುವ ಅದನ್ನು ಆನ್ ಮಾಡಿ.

2. ಡಿಸ್ಕ್ ‘ಜಿಪಿಟಿ’ ಮಾದರಿಯದು, ಇನ್‌ಸ್ಟಾಲ್ ಆಗದು ಎಂದರೆ: ಪೆನ್‌ಡ್ರೈವ್ ಹಳೆಯ ಲೆಗಸಿ ಕ್ರಮದಲ್ಲಿ ಶುರುವಾಗಿದೆ. ಡಿಸ್ಕ್ ಅಳಿಸಬೇಡಿ. ಬೂಟ್ ಮೆನುವಿನಲ್ಲಿ ‘ಯುಇಎಫ್‌ಐ’ ಎಂದಿರುವ ಪೆನ್‌ಡ್ರೈವ್ ಹೆಸರನ್ನೇ ಆರಿಸಿ.

3. ಡಿಸ್ಕ್ ಕಾಣಿಸದಿದ್ದರೆ: ಡಿಸ್ಕ್ ಕೆಟ್ಟಿದೆಯೆಂದು ಕೂಡಲೇ ಹೊಸದನ್ನು ಕೊಳ್ಳಬೇಡಿ. ಇಂಟೆಲ್ 11ನೇ ಪೀಳಿಗೆಯಿಂದೀಚಿನ ಹಲವು ಲ್ಯಾಪ್‌ಟಾಪ್‌ಗಳಿಗೆ ಸ್ಟೋರೇಜ್ ಡ್ರೈವರ್ ಬೇಕಾಗುತ್ತದೆ. ಲ್ಯಾಪ್‌ಟಾಪ್ ತಯಾರಕರ ವೆಬ್‌ಸೈಟಿನಿಂದ ಅದನ್ನು ಪೆನ್‌ಡ್ರೈವಿಗೆ ಇಳಿಸಿ, ‘ಲೋಡ್ ಡ್ರೈವರ್’ ಒತ್ತಿ ಕೊಡಿ.

4. ಫೈಲ್ ನಕಲಾಗುವಾಗ 0x8007025D ಬಂದರೆ: ಮೊದಲ ಸಂಶಯ ಪೆನ್‌ಡ್ರೈವ್ ಮೇಲಿರಲಿ. 8 ಜಿಬಿ ಅಥವಾ ಹೆಚ್ಚಿನ ಬೇರೆ ಪೆನ್‌ಡ್ರೈವಿನಲ್ಲಿ, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಹೊಸದಾಗಿ ತಯಾರಿಸಿ. ಮತ್ತೆ ಅದೇ ಆದರೆ ಡಿಸ್ಕ್ ಮತ್ತು ರ‍್ಯಾಮ್ ಪರೀಕ್ಷೆ ಮಾಡಿಸಿ.

5. ರೀಸ್ಟಾರ್ಟ್ ಆದಮೇಲೆ ಮತ್ತೆ ಮೊದಲ ಪರದೆಯೇ ಬಂದರೆ: ಯಂತ್ರ ಪುನಃ ಪೆನ್‌ಡ್ರೈವಿನಿಂದಲೇ ಶುರುವಾಗುತ್ತಿದೆ. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿ.

ಡೇಟಾ ತೆಗೆದಿಡದೆ ಲ್ಯಾಪ್‌ಟಾಪ್ ನಿಂತುಹೋಗಿದ್ದರೆ ‘ಡಿಲೀಟ್’, ‘ಫಾರ್ಮ್ಯಾಟ್’ ಎರಡನ್ನೂ ಮುಟ್ಟಬೇಡಿ. ಡಿಸ್ಕನ್ನು ಬಿಚ್ಚಲು ಬರುವಂತಿದ್ದರೆ, ಬಲ್ಲವರಿಂದ ಬಿಚ್ಚಿಸಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಫೈಲುಗಳನ್ನು ನಕಲು ಮಾಡಿಸಬಹುದು. ಬಿಟ್‌ಲಾಕರ್ ಇದ್ದಲ್ಲಿ ಆ ರಿಕವರಿ ಕೀ ಆಗಲೂ ಬೇಕು.

ರಿಪೇರಿಯವರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟಾಗುತ್ತದೆ?’ ಎಂಬುದಲ್ಲ, ‘ನಮ್ಮ ಡೇಟಾ ಎಲ್ಲಿ ತೆಗೆದಿಡುತ್ತೀರಿ?’ ಎಂಬುದು. ಈ ಕೆಲಸವನ್ನು ವ್ಯಾಪಾರ ಕಡಿಮೆಯಿರುವ ದಿನ ಇಟ್ಟುಕೊಳ್ಳಿ. ಅಂದು ಒಂದು ಬಿಲ್ ಪುಸ್ತಕ ಗಲ್ಲಾದಲ್ಲಿರಲಿ.