ಮುಖ ಊದಿದ್ದಕ್ಕೆ ಎದೆಯ ಸ್ಕ್ಯಾನ್ ಏಕೆ?

ಬಸವೇಶ್ವರನಗರದ ಸೋದರಿಗೆ,

ಪಿಟ್ಯುಟರಿ ಎಂಆರ್‌ಐ ಸರಿಯಿದ್ದರೂ ನಿಮ್ಮ ಯಜಮಾನರ ಎದೆಯ ಸಿ.ಟಿ. ಮಾಡಿಸಲು ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ದಯವಿಟ್ಟು ಮುಂದೂಡಬೇಡಿ.

ಅವರ ಮುಖ ಊದಿಸಿರುವ ಕುಶಿಂಗ್ ಸಿಂಡ್ರೋಮ್ ಎಂದರೆ ಕಾರ್ಟಿಸಾಲ್ ಹಾರ್ಮೋನು ಮಿತಿಮೀರುವುದು. ಅದನ್ನು ತಯಾರಿಸುವ ಅಡ್ರಿನಲ್ ಗ್ರಂಥಿಗಳಿಗೆ ಪಿಟ್ಯುಟರಿಯಿಂದ ಎಸಿಟಿಎಚ್ ಹಾರ್ಮೋನು ಬರುತ್ತದೆ. ಕೆಲವರಲ್ಲಿ ಶ್ವಾಸಕೋಶ, ಥೈಮಸ್ ಅಥವಾ ಮೇದೋಜೀರಕ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗೆಡ್ಡೆಯೇ ಆ ಹಾರ್ಮೋನನ್ನು ಅಂಕೆಯಿಲ್ಲದೆ ಸುರಿಯುತ್ತದೆ. ಎಸಿಟಿಎಚ್ ಹೆಚ್ಚಾಗಿ ಬರುವ ಕುಶಿಂಗ್‌ನಲ್ಲಿ ಸುಮಾರು ಶೇ 10–20ರಷ್ಟು ಇಂಥವು. ಶ್ವಾಸಕೋಶದ ಗೆಡ್ಡೆ 1 ಸೆಂ.ಮೀ.ಗಿಂತ ಚಿಕ್ಕದಿದ್ದು ಎಕ್ಸ್‌-ರೇಯಲ್ಲಿ ಕಾಣದಿರಬಹುದು. ಸಿ.ಟಿ.ಯಲ್ಲೂ ಸಿಗದಿದ್ದರೆ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ನೆರವಿಗೆ ಬರುತ್ತದೆ.

ಮಂಡಿನೋವಿನ ಪುಡಿಯಲ್ಲಿ ಸ್ಟೆರಾಯ್ಡ್ ಇತ್ತೇ ಎಂಬ ನಿಮ್ಮ ಅನುಮಾನ ಒಳ್ಳೆಯ ಅನುಮಾನವೇ. ಆದರೆ ಹಾಗಿದ್ದಿದ್ದರೆ ಎಸಿಟಿಎಚ್ ತಗ್ಗಿರುತ್ತಿತ್ತು, ಇವರಿಗೆ ಏರಿದೆ.

ನನ್ನನ್ನು ಕಾಡಿದ್ದು ಮುಖದ ಊತವಲ್ಲ. ಪೊಟ್ಯಾಸಿಯಂ 2.6ಕ್ಕೆ ಇಳಿದಿದೆ, ಕೂತಲ್ಲಿಂದ ಏಳಲು ಕೈಯೂರಬೇಕಾಗಿದೆ, ಅದೂ ಮೂರೇ ತಿಂಗಳಲ್ಲಿ. ಈ ವೇಗವೇ ಇಂಥ ಗೆಡ್ಡೆಯತ್ತ ಬೊಟ್ಟು ಮಾಡುತ್ತದೆ. ಪೊಟ್ಯಾಸಿಯಂ ಇಷ್ಟು ಕಡಿಮೆಯಾದರೆ ಹೃದಯದ ಬಡಿತ ಹದ ತಪ್ಪಬಹುದು; ಎಳನೀರು ಕುಡಿಸಿ ಕಾಯುವ ಹೊತ್ತಲ್ಲ. ಇವತ್ತೇ ಕರೆದೊಯ್ಯಿರಿ. ಇಎಸ್‌ಐ ಕಾರ್ಡ್ ಇದೆಯೆಂದಿದ್ದೀರಿ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆ ಹತ್ತಿರ. ಸಣ್ಣ ಜ್ವರವನ್ನೂ ಕಡೆಗಣಿಸಬೇಡಿ, ಹೆಚ್ಚಿದ ಕಾರ್ಟಿಸಾಲ್ ಸೋಂಕಿನ ಲಕ್ಷಣಗಳನ್ನು ಮರೆಮಾಡುತ್ತದೆ.

ಧೈರ್ಯಗೆಡಬೇಡಿ. ಗೆಡ್ಡೆ ಸಿಕ್ಕಿ ಪೂರ್ತಿ ತೆಗೆಯಲು ಸಾಧ್ಯವಾದರೆ ಕಾಯಿಲೆ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ. ಅಲ್ಲಿಯವರೆಗೆ ಕಾರ್ಟಿಸಾಲ್ ತಗ್ಗಿಸಲು ಕೀಟೋಕೊನಜೋಲ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಆಪರೇಷನ್ ನಂತರ ಕೆಲವು ತಿಂಗಳು ಹೈಡ್ರೋಕಾರ್ಟಿಸೋನ್ ಬೇಕಾಗಬಹುದು. ವೈದ್ಯರು ಹೇಳದೆ ಒಂದು ಹೊತ್ತೂ ಬಿಡಿಸಬೇಡಿ.