ಬಿಲ್ಟಿ ಬರೆಯಲು ಕಲಿಯಿರಿ, ಲಾರಿ ಆಫೀಸಿನಲ್ಲಿ ಕೆಲಸ ಹಿಡಿಯಿರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಪಿಯುಸಿ ಅಥವಾ ಬಿ.ಕಾಂ. ಮುಗಿಸಿದವರು ಕೆಲಸ ಎಂದೊಡನೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆ ಬಸ್ಸು ಸಾಗುವ ಹೆದ್ದಾರಿಯಲ್ಲೇ ಹಗಲೂ ರಾತ್ರಿ ಓಡುವ ಒಂದೊಂದು ಲಾರಿಯ ಹಿಂದೆಯೂ ಒಂದು ಟ್ರಾನ್ಸ್‌ಪೋರ್ಟ್ ಆಫೀಸು ಇರುತ್ತದೆ. ಅಲ್ಲಿ ಬಿಲ್ಟಿ (ಲಾರಿ ರಸೀತಿ) ಬರೆಯಲು, ತೂಕದ ಚೀಟಿ ನೋಡಲು, ಬಾಡಿಗೆ ಲೆಕ್ಕ ಹಾಕಲು ಗುಮಾಸ್ತರು ಬೇಕು. ಈ ಕೆಲಸಕ್ಕೆ ದೊಡ್ಡ ಪದವಿ ಬೇಕಿಲ್ಲ. ತಪ್ಪಿಲ್ಲದೆ ಕಾಗದ ಬರೆಯುವ ಕೈ, ತಾಳ್ಮೆಯಿಂದ ಮಾತಾಡುವ ಬಾಯಿ ಇದ್ದರೆ ಸಾಕು. ಆದರೆ ಅರ್ಜಿ ಹಿಡಿದು ಅಲೆಯುವ ಮೊದಲು ಕೆಲಸ ಕಲಿತಿರಬೇಕು. ಕಲಿತು ಹೋದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಆ ದಾರಿಯ ಹಂತಗಳು ಇಲ್ಲಿವೆ.

ಹಂತ 1: ಸುತ್ತಲಿನ ಸರಕು ತಿಳಿದುಕೊಳ್ಳಿ

ಯಾವ ಊರಿನಿಂದ ಯಾವ ಸರಕು, ಯಾವ ಕಾಲದಲ್ಲಿ, ಎಲ್ಲಿಗೆ ಹೋಗುತ್ತದೆ ಎಂದು ತಿಳಿದವರಿಗೆ ಲಾರಿ ಆಫೀಸಿನಲ್ಲಿ ಬೆಲೆ ಹೆಚ್ಚು. ನಮ್ಮ ಭಾಗದ ಸರಕನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಹೊಲದ ಮಾಲು: ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿ, ಹುಣಸೆ. ಸುಗ್ಗಿಯಲ್ಲಿ ಎಪಿಎಂಸಿ ವರ್ತಕರಿಗೆ ಲಾರಿ ಸಿಗುವುದೇ ಕಷ್ಟ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಮಾನ್ಯತೆ ಇದೆ. ಹೂವು ಬಾಡುವ ಮುನ್ನ ಮಾರುಕಟ್ಟೆ ಮುಟ್ಟಬೇಕಾದ್ದರಿಂದ ಅಲ್ಲಿ ಗಂಟೆಯ ಲೆಕ್ಕವೇ ಮುಖ್ಯ.

ಎರಡನೆಯದು ಅದಿರು ಮತ್ತು ಉಕ್ಕು. ಸಂಡೂರು ಸುತ್ತಲಿನ ಗಣಿಗಳು, ದೋಣಿಮಲೈಯ ಎನ್‌ಎಂಡಿಸಿ, ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆ, ಅವುಗಳಿಗೆ ಲಾರಿ ಒದಗಿಸುವ ಗುತ್ತಿಗೆದಾರರು ಈ ಗುಂಪಿನವರು. ಇಲ್ಲಿ ಕೆಲಸ ಹೆಚ್ಚು, ನಿಯಮವೂ ಬಿಗಿ. ಅದಿರಿನ ಲಾರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಆನ್‌ಲೈನ್ ಪರ್ಮಿಟ್ ಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರನ್ನೇ ನಂಬಿದ್ದ ಲಾರಿಗಳು ಸಾಲುಸಾಲಾಗಿ ನಿಂತವು. ಆಮೇಲೆ ಒಂದಷ್ಟು ಗಣಿಗಳಿಗಷ್ಟೇ ಮತ್ತೆ ಅನುಮತಿ ಸಿಕ್ಕಿತು. ಒಂದೇ ಸರಕಿನ ಕೆಲಸ ಕಲಿತು ಸುಮ್ಮನಾಗಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಮೂರನೆಯದು ಪಾರ್ಸಲ್: ಬಟ್ಟೆ, ಔಷಧಿ, ಬಿಡಿಭಾಗ, ಕಿರಾಣಿ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಇಂದು ದೇಶದುದ್ದಕ್ಕೂ ಹರಡಿದೆ. ಇಂಥ ಕಂಪನಿಗಳ ಶಾಖೆಗಳಲ್ಲಿ ಬುಕಿಂಗ್, ಡೆಲಿವರಿ ಗುಮಾಸ್ತರ ಕೆಲಸ ವರ್ಷವಿಡೀ ಇರುತ್ತದೆ. ಸರ್ಕಾರಿ ಬಸ್ಸುಗಳ ‘ನಮ್ಮ ಕಾರ್ಗೋ’ ಸೇವೆಯೂ 2021ರಿಂದ ಪಾರ್ಸಲ್ ಒಯ್ಯುತ್ತಿದೆ.

ಹಂತ 2: ನಾಲ್ಕು ಕಾಗದ ಕಲಿಯಿರಿ

*ಬಿಲ್ಟಿ.* ಇದನ್ನೇ ಎಲ್‌ಆರ್, ಲಾರಿ ರಸೀತಿ ಎನ್ನುತ್ತಾರೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಲ್ಲಿ ಈ ರಸೀತಿಗೆ ಕಾನೂನಿನ ಬಲವಿದೆ. ಸರಕು ಕಳಿಸುವವರು ಮತ್ತು ಪಡೆಯುವವರ ಹೆಸರು, ವಿಳಾಸ, ಜಿಎಸ್‌ಟಿ ನಂಬರು, ಲಾರಿ ನಂಬರು, ಚೀಲ ಅಥವಾ ಪಾರ್ಸಲ್‌ಗಳ ಎಣಿಕೆ, ತೂಕ, ಇನ್‌ವಾಯ್ಸ್ ನಂಬರು ಮತ್ತು ಮೌಲ್ಯ, ಬಾಡಿಗೆ. ಇವಿಷ್ಟೂ ಅದರಲ್ಲಿರಬೇಕು. ಬಾಡಿಗೆ ಯಾರು ಕೊಡುತ್ತಾರೆ ಎಂಬ ಕಲಂ ತುಂಬುವಾಗ ವಿಶೇಷ ಎಚ್ಚರ ಬೇಕು. ‘ಪೇಯ್ಡ್’ ಎಂದರೆ ಕಳಿಸುವವರು ಕೊಟ್ಟಾಯಿತು. ‘ಟು ಪೇ’ ಎಂದರೆ ಮಾಲು ಬಿಡಿಸಿಕೊಳ್ಳುವವರು ಕೊಡಬೇಕು. ‘ಟಿಬಿಬಿ’ ಎಂದರೆ ಪಾರ್ಟಿಗೆ ಆಮೇಲೆ ಬಿಲ್ಲು ಕಳಿಸಬೇಕು. ಇಲ್ಲಿ ತಪ್ಪಿದರೆ ಊರಾಚೆ ಡ್ರೈವರ್ ಮತ್ತು ಅಂಗಡಿಯವರ ನಡುವೆ ಜಗಳ ಹತ್ತುತ್ತದೆ.

*ಇ-ವೇ ಬಿಲ್.* ತೆರಿಗೆಯ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇದು ಬೇಕು. ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ‘ಪಾರ್ಟ್ ಎ’ಯಲ್ಲಿ ಸರಕಿನ ವಿವರ, ‘ಪಾರ್ಟ್ ಬಿ’ಯಲ್ಲಿ ಲಾರಿ ನಂಬರು. ಪ್ರತಿ 200 ಕಿ.ಮೀ. ದೂರಕ್ಕೆ ಒಂದು ದಿನದ ಅವಧಿ. ಕೊಟ್ಟೂರಿನಿಂದ ಬೆಂಗಳೂರಿಗೆ 200 ಕಿ.ಮೀ. ಮೀರುತ್ತದೆ, 400 ಮುಟ್ಟುವುದಿಲ್ಲ. ಆದ್ದರಿಂದ ಎರಡು ದಿನ ಸಿಗುತ್ತದೆ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ. ಮಾಲು ಹೊರಡದಿದ್ದರೆ 24 ಗಂಟೆಯೊಳಗೆ ರದ್ದು ಮಾಡಬಹುದು. ಲಾರಿ ತಡವಾದರೆ, ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು. ಈರುಳ್ಳಿಯಂಥ ತೆರಿಗೆಯಿಲ್ಲದ ಮಾಲಿಗೆ ಇ-ವೇ ಬಿಲ್ ಬೇಡ, ಆದರೆ ಬಿಲ್ಟಿ ಮತ್ತು ವರ್ತಕರ ಬಿಲ್ಲು ಲಾರಿಯಲ್ಲಿ ಇರಲೇಬೇಕು.

ಗುಮಾಸ್ತರ ಕೈಯ ತೂಕ ಗೊತ್ತಾಗುವುದು ಇಲ್ಲಿಯೇ. ಲಾರಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ, ಉಳಿದ ಕಾಗದ ಸರಿಯಿದ್ದರೆ, ಅದನ್ನು ಸಣ್ಣ ತಪ್ಪೆಂದು ಗಣಿಸಿ ಒಟ್ಟು 1,000 ರೂಪಾಯಿ ದಂಡ ಹಾಕಲು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಹೇಳಿದೆ. ಇ-ವೇ ಬಿಲ್ಲೇ ಇಲ್ಲದೆ ಸಿಕ್ಕಿಬಿದ್ದರೆ ಮಾಲಿನ ಮಾಲೀಕರು ತೆರಿಗೆಯ ಎರಡು ಪಟ್ಟು ದಂಡ ಕಟ್ಟಬೇಕಾದೀತು. ಅಲ್ಲಿಯವರೆಗೆ ಲಾರಿ ನಿಂತಿರುತ್ತದೆ, ಡ್ರೈವರ್ ರಸ್ತೆ ಬದಿಯಲ್ಲೇ ಮಲಗಬೇಕಾಗುತ್ತದೆ.

*ತೂಕದ ಚೀಟಿ.* ಖಾಲಿ ಲಾರಿಯ ತೂಕ ‘ಟೇರ್’, ತುಂಬಿದ್ದು ‘ಗ್ರಾಸ್’, ಎರಡರ ವ್ಯತ್ಯಾಸ ‘ನೆಟ್’. ಹತ್ತು ಚಕ್ರದ ಲಾರಿಗೆ ಗ್ರಾಸ್ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಆದರೂ ಆರ್‌ಸಿಯಲ್ಲಿ ಬರೆದಿರುವ ತೂಕವೇ ಆ ಲಾರಿಗೆ ಅಂತಿಮ. ಚೀಟಿ ಕೈಗೆ ಬಂದ ಕೂಡಲೇ ಲಾರಿ ನಂಬರು, ದಿನಾಂಕ, ಮೂರೂ ತೂಕ ನೋಡಿಯೇ ಬಿಲ್ಟಿಗೆ ಏರಿಸಬೇಕು.

*ಲಾರಿಯ ದಾಖಲೆ.* ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ರಸ್ತೆ ತೆರಿಗೆ, ಹೊಗೆ ತಪಾಸಣೆ ಪತ್ರ, ಡ್ರೈವರ್ ಲೈಸೆನ್ಸ್. ಎಂ-ಪರಿವಾಹನ್ ಆ್ಯಪ್‌ನಲ್ಲಿ ಲಾರಿ ನಂಬರು ಹಾಕಿದರೆ ಹೆಚ್ಚಿನವುಗಳ ಅವಧಿ ಕಾಣುತ್ತದೆ. ಲೋಡ್ ಆಗುವ ಮೊದಲೇ ಇದನ್ನು ನೋಡುವುದು ಒಳ್ಳೆಯ ಗುಮಾಸ್ತರ ರೂಢಿ.

ಹಂತ 3: ಬಾಡಿಗೆ ಲೆಕ್ಕ ಕೈಗೆ ಹತ್ತಲಿ

ಒಂದು ಮಾದರಿ ನೋಡಿ. ಹರಪನಹಳ್ಳಿಯಿಂದ ಕೋಳಿ ಆಹಾರದ ಕಾರ್ಖಾನೆಗೆ ಮೆಕ್ಕೆಜೋಳ ಹೊರಟಿದೆ. ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

- ಗ್ರಾಸ್ 28,300 ಕೆ.ಜಿ., ಟೇರ್ 10,650 ಕೆ.ಜಿ. ನೆಟ್ 17,650 ಕೆ.ಜಿ., ಅಂದರೆ 17.65 ಟನ್.
- ಟನ್‌ಗೆ 1,200 ರೂಪಾಯಿಯಂತೆ ಬಾಡಿಗೆ 21,180 ರೂಪಾಯಿ.
- ಡೀಸೆಲ್ ಚೀಟಿ 8,000, ನಗದು ಅಡ್ವಾನ್ಸ್ 5,000. ಒಟ್ಟು 13,000. ಬ್ಯಾಲೆನ್ಸ್ 8,180.
- ಇಳಿಸುವಲ್ಲಿ ತೂಕ 17,610 ಕೆ.ಜಿ. ಶಾರ್ಟೇಜ್ 40 ಕೆ.ಜಿ.
- ಕೆ.ಜಿ.ಗೆ 22 ರೂಪಾಯಿಯಂತೆ ಮುರಿದರೆ 880. ಲಾರಿಯವರಿಗೆ ಕೊಡಬೇಕಾದ್ದು 7,300.

ಈ ಕೊನೆಯ ಸಾಲಿಗೇ ತಕರಾರು ಹೆಚ್ಚು. ಎಷ್ಟು ಕೆ.ಜಿ.ವರೆಗೆ ಶಾರ್ಟೇಜ್ ಬಿಡಬೇಕು ಎಂಬುದನ್ನು ಲೋಡಿಂಗ್‌ಗೆ ಮುನ್ನವೇ ಮಾತಾಡಿ ಬಿಲ್ಟಿಯಲ್ಲಿ ಬರೆದರೆ ಡ್ರೈವರಿಗೂ ಅನ್ಯಾಯವಾಗದು, ಮಾಲೀಕರಿಗೂ ನಷ್ಟವಾಗದು. ಮಾಲು ಮುಟ್ಟಿದ ಗುರುತಿಗೆ ಪಡೆದವರ ಸಹಿ, ಮೊಹರು ಇರುವ ಬಿಲ್ಟಿ ಪ್ರತಿ ವಾಪಸ್ ಬರಬೇಕು. ಅದಕ್ಕೆ ‘ಪಿಒಡಿ’ ಎನ್ನುತ್ತಾರೆ. ಅದು ಬಂದ ಮೇಲೆಯೇ ಬ್ಯಾಲೆನ್ಸ್ ಕೊಡುವುದು ವಾಡಿಕೆ.

ಹಂತ 4: ಕಂಪ್ಯೂಟರ್ ಮತ್ತು ತರಬೇತಿ

ಎಕ್ಸೆಲ್‌ನಲ್ಲಿ ಟ್ರಿಪ್ ಪಟ್ಟಿ ಮಾಡುವುದು, ಟ್ಯಾಲಿಯಲ್ಲಿ ವೋಚರ್ ಹಾಕುವುದು, ಇ-ಮೇಲ್ ಬರೆಯುವುದು, ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್ ಬೇಕೇಬೇಕು. ಐಟಿಐಯಲ್ಲಿ ‘ಕೋಪಾ’ ಟ್ರೇಡ್ ಮುಗಿಸಿದವರಿಗೆ ಇದು ಸುಲಭ. ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನೂ ಸಂಪರ್ಕದಲ್ಲಿಡಿ. ಹಿಂದಿ ಒಂದಿಷ್ಟು ಬಂದರೆ ಹೆಚ್ಚಿನ ಅನುಕೂಲ. ನಮ್ಮ ಭಾಗದ ಹೆದ್ದಾರಿ ಸೋಲಾಪುರದ ಕಡೆಗೆ ಹೋಗುತ್ತದೆ, ಬೇರೆ ರಾಜ್ಯದ ಡ್ರೈವರ್‌ಗಳು ದಿನವೂ ಎದುರಾಗುತ್ತಾರೆ. ಬಳ್ಳಾರಿ ಗಡಿಯಲ್ಲಿ ತೆಲುಗೂ ಕೈಹಿಡಿಯುತ್ತದೆ.

ಹಂತ 5: ಎಲ್ಲಿ ಕೇಳಬೇಕು?

ಮೊದಲು ಮನೆ ಹತ್ತಿರ: ಎಪಿಎಂಸಿ ವರ್ತಕರು, ಹತ್ತಿ ಮಿಲ್ಲು, ಎಣ್ಣೆ ಮಿಲ್ಲು, ವೇ ಬ್ರಿಜ್, ಪಾರ್ಸಲ್ ಶಾಖೆ. ಆಮೇಲೆ ಹೊಸಪೇಟೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳು, ಸಂಡೂರು–ತೋರಣಗಲ್ಲಿನ ಸಾಗಣೆ ಗುತ್ತಿಗೆದಾರರು, ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ. ಇಲ್ಲಿ ಹೆಚ್ಚಿನ ಕೆಲಸಗಳ ಜಾಹೀರಾತು ಪತ್ರಿಕೆಗೆ ಬರುವುದಿಲ್ಲ, ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಆದ್ದರಿಂದ ಊರಿನ ಲಾರಿ ಮಾಲೀಕರಿಗೆ, ಡ್ರೈವರ್‌ಗಳಿಗೆ, ಹಮಾಲರಿಗೆ ‘ಅಣ್ಣಾ, ನಿಮ್ಮ ಆಫೀಸಿನಲ್ಲಿ ಬಿಲ್ಟಿ ಬರೆಯುವವರು ಬೇಕಿದ್ದರೆ ಹೇಳಿ’ ಎಂದು ಹೇಳಿಡಿ. ಬೆಳಗಿನ ಲೋಡಿಂಗ್ ಗಡಿಬಿಡಿಯಲ್ಲಿ ಹೋಗಬೇಡಿ. ಮಧ್ಯಾಹ್ನ ಊಟದ ನಂತರ ಮಾಲೀಕರು ಮಾತಿಗೆ ಸಿಗುತ್ತಾರೆ.

ಸುಗ್ಗಿಗೆ ಮುಂಚೆ ಕೇಳುವುದು ಜಾಣತನ. ಒಂದು ಹಂಗಾಮಿನ ಕೆಲಸ ಸಿಕ್ಕರೂ ಒಪ್ಪಿಕೊಳ್ಳಿ. ಅಲ್ಲಿ ಕಲಿತದ್ದೇ ಮುಂದಿನ ಆಫೀಸಿಗೆ ನಿಮ್ಮ ಶಿಫಾರಸು.

ರೈಲ್ವೆಯ ದಾರಿಯೂ ಇದೆ. ಅದಿರು, ಕಲ್ಲಿದ್ದಲು, ಉಕ್ಕು ಗೂಡ್ಸ್ ರೈಲಿನ ರೇಕುಗಳಲ್ಲಿ ಸಾಗುತ್ತವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಗೆ ನಮ್ಮ ಭಾಗದ ಸರಕು ದೊಡ್ಡ ಆದಾಯ. ಕಮರ್ಷಿಯಲ್ ಕಮ್ ಟಿಕೆಟ್ ಕ್ಲರ್ಕ್, ಟ್ರೇನ್ಸ್ ಕ್ಲರ್ಕ್ ಹುದ್ದೆಗಳಿಗೆ ಆರ್‌ಆರ್‌ಬಿಯ ಎನ್‌ಟಿಪಿಸಿ ಪರೀಕ್ಷೆಯಲ್ಲಿ ಪಿಯುಸಿ ಪಾಸಾದವರಿಗೂ ಅವಕಾಶವಿದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯ ಸಾರಿಗೆ ನಿಗಮದ ಹುದ್ದೆಗೆ ಅರ್ಜಿ ಹಾಕುವವರು ಕಲ್ಯಾಣ ಕರ್ನಾಟಕದವರಿಗಿರುವ 371 (ಜೆ) ಮೀಸಲಾತಿಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೇಂದ್ರದ ರೈಲ್ವೆ ಹುದ್ದೆಗೆ ಅದು ಅನ್ವಯಿಸುವುದಿಲ್ಲ.

ಹಂತ 6: ಮಾಲೀಕರ ಮುಂದೆ ಕುಳಿತಾಗ

‘ಬಿಲ್ಟಿ ಬರೆಯಾಕ ಬರ್ತೈತೇನಪ್ಪಾ?’ ಎಂದು ಕೇಳಿದರೆ ‘ಕಲೀತೀನಿ ಸರ್’ ಎನ್ನುವುದಕ್ಕಿಂತ ನೀವೇ ತುಂಬಿದ ಮಾದರಿ ಬಿಲ್ಟಿ, ಮೇಲಿನಂಥ ಲೆಕ್ಕದ ಹಾಳೆ ಮುಂದಿಡಿ. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳಿಗೂ ತಯಾರಾಗಿ.

- ಚಿತ್ರದುರ್ಗದ ಹತ್ತಿರ ಲಾರಿ ಕೆಟ್ಟು, ಮಾಲನ್ನು ಬೇರೆ ಲಾರಿಗೆ ಹಾಕಿದರೆ? ಮುಂದೆ ಹೊರಡುವ ಮೊದಲು ಇ-ವೇ ಬಿಲ್ಲಿನ ಪಾರ್ಟ್ ಬಿಯಲ್ಲಿ ಹೊಸ ಲಾರಿ ನಂಬರು ಹಾಕಬೇಕು.
- ಎಣಿಕೆಯಲ್ಲಿ ಎರಡು ಚೀಲ ಕಡಿಮೆ ಬಂದರೆ? ಪಡೆದವರಿಂದ ಬಿಲ್ಟಿಯ ಮೇಲೇ ಬರೆಸಿ, ಡ್ರೈವರ್ ಸಹಿ ಹಾಕಿಸಿ, ಫೋಟೊ ತೆಗೆದು ಅದೇ ಗಂಟೆಯಲ್ಲಿ ಮಾಲೀಕರಿಗೆ ತಿಳಿಸಬೇಕು.
- ಡ್ರೈವರ್ ಮಿತಿಗಿಂತ ಹೆಚ್ಚು ತೂಕ ಹಾಕಿಸಿಕೊಂಡಿದ್ದರೆ? ಬಿಲ್ಟಿ ಕೊಡದೆ ಹೆಚ್ಚಿನದನ್ನು ಇಳಿಸಬೇಕು.

ಮೂರನೆಯ ಉತ್ತರ ಕೊಡುವಾಗ ಹಿಂಜರಿಯಬೇಡಿ. ಹೆಚ್ಚು ತೂಕದ ಲಾರಿ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಜೀವ ತೆಗೆಯುತ್ತದೆ. ಗುಮಾಸ್ತರು ಸುಳ್ಳು ತೂಕ ಬರೆದು ಸಹಿ ಹಾಕಿದರೆ ಹೊಣೆಯೂ ಅವರ ಹೆಸರಿಗೇ ಬರುತ್ತದೆ.

ಹಂತ 7: ಸೇರುವ ಮುನ್ನ ಕೇಳಿ ತಿಳಿಯಿರಿ

- ಸಂಬಳ ಎಷ್ಟು, ಯಾವ ತಾರೀಖಿಗೆ, ಬ್ಯಾಂಕ್ ಖಾತೆಗೋ ಕೈಗೋ?
- ಪಿಎಫ್, ಇಎಸ್‌ಐ ಉಂಟೋ? 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ಇಎಸ್‌ಐಗೆ 10 ನೌಕರರಿದ್ದರೆ ಸಾಕು, ತಿಂಗಳ ವೇತನ 21,000 ರೂಪಾಯಿಯೊಳಗಿರಬೇಕು.
- ರಾತ್ರಿ ಪಾಳಿ ಇದೆಯೇ? ವಾರದ ರಜೆ ಯಾವತ್ತು?
- ನಗದು ನಿಮ್ಮ ಕೈಯಲ್ಲಿದ್ದರೆ ದಿನದ ಕೊನೆಗೆ ಲೆಕ್ಕ ಒಪ್ಪಿಸಿ ಸಹಿ ಪಡೆಯುವ ಪುಸ್ತಕ ಇದೆಯೇ?

ಅಂಕಪಟ್ಟಿಯ ಮೂಲ ಪ್ರತಿಯನ್ನು ಯಾರಲ್ಲೂ ಅಡವಿಡಬೇಡಿ, ಜೆರಾಕ್ಸ್ ಕೊಡಿ. ಕೆಲಸ ಕೊಡಿಸುತ್ತೇವೆ ಎಂದು ‘ರಿಜಿಸ್ಟ್ರೇಷನ್ ಫೀ’ ಕೇಳುವ ಫೋನ್ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ರೈಲ್ವೆ ಹುದ್ದೆಗೆ ದಲ್ಲಾಳಿಗಳ ದಾರಿಯೇ ಇಲ್ಲ, ಪರೀಕ್ಷೆಯೊಂದೇ ದಾರಿ.

ಹೆಣ್ಣುಮಕ್ಕಳಿಗೂ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ. ಬಿಲ್ಲಿಂಗ್, ಇ-ವೇ ಬಿಲ್, ಲೆಕ್ಕಪತ್ರ ಎಲ್ಲವೂ ಮೇಜಿನ ಕೆಲಸ. ಲಾರಿ ಆಫೀಸು ಗಂಡಸರ ಜಾಗ ಎಂಬ ಹಳೆಯ ಮಾತಿಗೆ ಮನೆಯವರೂ ಮಾಲೀಕರೂ ಕಿವಿಗೊಡಬಾರದು. ಹೋಗಿಬರುವ ವ್ಯವಸ್ಥೆ, ಪ್ರತ್ಯೇಕ ಶೌಚಾಲಯ ಇವೆಯೇ ಎಂದು ಧೈರ್ಯವಾಗಿ ಕೇಳಿ.

ಮೊದಲ ವಾರದಿಂದಲೇ ಶುರು ಮಾಡಿ

ಈ ವಾರ ಪರಿಚಯದ ವರ್ತಕರೊಬ್ಬರಿಂದ ಹಳೆಯ ಬಿಲ್ಟಿಯೊಂದರ ಜೆರಾಕ್ಸ್ ಕೇಳಿ ಪಡೆದು, ಅದರ ಪ್ರತಿ ಕಲಂ ಏಕಿದೆ ಎಂದು ತಿಳಿಯಿರಿ. ಮುಂದಿನ ವಾರ ಹತ್ತಿರದ ವೇ ಬ್ರಿಜ್‌ನಲ್ಲಿ ಅನುಮತಿ ಪಡೆದು ಒಂದು ದಿನ ಕುಳಿತು ನೋಡಿ. ಮೂರನೆಯ ವಾರ ಐದು ಮಾದರಿ ಲೆಕ್ಕಗಳನ್ನು ಎಕ್ಸೆಲ್‌ನಲ್ಲಿ ಮಾಡಿ. ನಾಲ್ಕನೆಯ ವಾರ ಅವನ್ನೆಲ್ಲ ಒಂದು ಫೈಲಿನಲ್ಲಿಟ್ಟು ಹತ್ತು ಆಫೀಸುಗಳ ಪಟ್ಟಿ ಮಾಡಿ ಹೊರಡಿ. ‘ಈಗ ಜಾಗ ಇಲ್ಲ’ ಎಂದವರಿಗೂ ಫೋನ್ ನಂಬರು ಕೊಟ್ಟು ಬನ್ನಿ. ಸುಗ್ಗಿ ಬಂದು ಲಾರಿಗಳು ಸಾಲುಗಟ್ಟಿದಾಗ ಬಿಲ್ಟಿ ಬರೆಯಬಲ್ಲವರನ್ನೇ ಅವರು ಮೊದಲು ನೆನೆಯುತ್ತಾರೆ.